ಅಪೋಸ್ ಎಂದರೆ ಎದುರು ನಿಲ್ಲುವುದು

ನಮ್ಮ ಮಣಿಪಾಲದ ಫ್ಲ್ಯಾಟಿನ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ನಾನೊಂದು ಸಲಹೆ ಹಾಕಿದೆ, ನೀರಿನ ಪಂಪನ್ನು ದಿನವೂ ಒಂದೇ ಹೊತ್ತಿಗೆ ಹಾಕೋಣ ಎಂದು. ಉತ್ತರವಾಗಿ ಬಂದದ್ದು ಕೆಳಮುಖದ ಹೆಬ್ಬೆರಳುಗಳ ಸಾಲು. ಒಬ್ಬರು ಮಾತ್ರ ಕಷ್ಟಪಟ್ಟು ಇಂಗ್ಲಿಷಿನಲ್ಲಿ ‘ಅಪೋಸ್’ ಎಂದು ಬರೆದಿದ್ದರು. ಯಾಕೆ ಎಂದು ಕೇಳಿದೆ. ಇನ್ನೊಂದು ಹೆಬ್ಬೆರಳು ಬಂತು! ಫೋನನ್ನು ಮಗುಚಿ ಇಟ್ಟೆ. ಆ ಶಬ್ದ ಕಂಡದ್ದೇ ಕಾಪುವಿನ ಶಾಲೆಯ ನಮ್ಮ ಇಂಗ್ಲಿಷ್ ಟೀಚರ್ ನೆನಪಾದರು...

ಅವರ ಮೇಲೂ ನನಗೆ ಸಿಟ್ಟೇ ಇತ್ತು. ವೇಳಾಪಟ್ಟಿಯಂತೆ ಪಾಠ ಮುಗಿಸಿದವರಲ್ಲ. ಎಂಟನೇ ತರಗತಿಯಲ್ಲಿ ಈ ಒಂದು ಶಬ್ದಕ್ಕೆ ವಾರವನ್ನೇ ಕಳೆದರು. ಯಾರಾದರೂ ಕುಳಿತಲ್ಲಿಂದ ‘ಐ ಅಪೋಸ್’ ಎಂದು ಕೂಗಿದರೆ ಎಬ್ಬಿಸಿ ನಿಲ್ಲಿಸುತ್ತಿದ್ದರು.

“ಇಷ್ಟ ಇಲ್ಲ ಎನ್ನಲಿಕ್ಕೆ ಬೇರೆ ಶಬ್ದ ಉಂಟು. ಅಪೋಸ್ ಅಂದರೆ ಎದುರು ನಿಲ್ಲುವುದು. ಯಾರಿಗೆ ಹೇಳುತ್ತೀಯೋ ಅವರ ಮುಖ ನೋಡು, ಯಾಕೆ ಅಂತ ಹೇಳು. ಇಲ್ಲದಿದ್ದರೆ ಅದು ಬರೀ ಬೊಬ್ಬೆ.”

ಅಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಆ ದಿನದ ಪದ್ಯ ಹಾಗೆಯೇ ಉಳಿಯುತ್ತಿತ್ತು.

ಪರೀಕ್ಷೆ ಮುಗಿದ ಮೇಲೆ ನನ್ನ ಬೆಂಚಿನ ಗೆಳತಿಯನ್ನು ಶಾಲೆ ಬಿಡಿಸಿ ಬೀಡಿ ಕಟ್ಟಲು ಕೂರಿಸುವುದೆಂದು ಅವಳ ಅಪ್ಪ ತೀರ್ಮಾನಿಸಿದರು. ನಾನು ಟೀಚರ ಹತ್ತಿರ ಓಡಿದೆ. ಅವರು ನನ್ನನ್ನೂ ಕರೆದುಕೊಂಡು ಎಲ್ಲೂರಿನ ಅವಳ ಮನೆಗೆ ಹೋದರು.

ಬೆಲ್ಲ, ನೀರು ಬಂತು. ಅವಳ ಅಪ್ಪ ಕೈ ಕಟ್ಟಿ ನಿಂತು, “ಹೇಳಿ ಟೀಚರ್,” ಎಂದರು. ಅಷ್ಟು ಗೌರವ! ಎರಡು ಮಾತು ಹೇಳಿದ್ದರೆ ಕೆಲಸ ಆಗುತ್ತಿತ್ತು. ಟೀಚರ್ ಬೆಲ್ಲ ಕಚ್ಚಿ, ನೀರು ಕುಡಿದು, ಗೆಳತಿಯ ಕಡೆ ತಿರುಗಿ, “ನೀನು ಹೇಳು,” ಎಂದರು. ನಾನು ಹಲ್ಲು ಕಚ್ಚಿದೆ.

ಗೆಳತಿ ಎದ್ದು ನಿಂತಳು. ತುಳುವಿನಲ್ಲಿ, ಅಪ್ಪನ ಮುಖ ನೋಡಿಯೇ ಹೇಳಿದಳು: “ನಾನು ಒಪ್ಪುವುದಿಲ್ಲ ಅಪ್ಪ.”

“ಯಾಕೆ?”

ಒಳಬಾಗಿಲ ಕಡೆ ಕೈ ತೋರಿಸಿದಳು. “ಅಮ್ಮನ ಬೆರಳು ನೋಡಿ. ಬೀಡಿ ಕಟ್ಟಿ ಕಟ್ಟಿ, ಅನ್ನ ಕಲಸಲಿಕ್ಕೂ ಮಡಚುವುದಿಲ್ಲ.”

“ಅವಳು ಒಂದು ದಿನವೂ ಹೇಳಲಿಲ್ಲವಲ್ಲ!”

“ನೀವು ಒಂದು ದಿನವೂ ಕೇಳಲಿಲ್ಲವಲ್ಲ!” ಒಳಗಿನಿಂದ ಅಮ್ಮನ ಸ್ವರ.

ಅಪ್ಪ ತಲೆ ಕೆರೆದುಕೊಂಡರು. “ಎಂತ ಟೀಚರ್, ಮಗಳಿಗೆ ಕಲಿಸಿದ್ದು ಮನೆಗೆಲ್ಲ ಹತ್ತಿತಲ್ಲ!” ಎಂದವರು, ಕೊನೆಗೆ, “ನೋಡುವ,” ಎಂದರು. ನಮ್ಮ ಊರಿನ ‘ನೋಡುವ’! ಅದು ಹೌದೂ ಅಲ್ಲ, ಇಲ್ಲವೂ ಅಲ್ಲ.

ದಾರಿಯಲ್ಲಿ ನಾನು ಸಿಡಿದೆ. “ನೀವೇ ಹೇಳಬಹುದಿತ್ತಲ್ಲ ಟೀಚರ್!”

“ನನಗೆ ಕಾರ್ಕಳಕ್ಕೆ ವರ್ಗ ಆಗಿದೆ. ಜೂನಿಗೆ ನಾನು ಇರುವುದಿಲ್ಲ. ಆ ಮನೆಯಲ್ಲಿ ಇರುವುದು ಅವಳು ಅಲ್ವಾ?”

ಜೂನಿನಲ್ಲಿ ಶಾಲೆ ತೆರೆದ ದಿನ ಗೆಳತಿ ನನಗಿಂತ ಮೊದಲೇ ಬಂದು ಬೆಂಚಿನಲ್ಲಿ ಕುಳಿತಿದ್ದಳು. ಇಂಗ್ಲಿಷ್ ಪೀರಿಯಡ್ಡಿಗೆ ಬೇರೆ ಮೇಷ್ಟ್ರು ಬಂದರು. ಪಾಠ ಹೊತ್ತಿಗೆ ಸರಿಯಾಗಿ ಮುಗಿಯಿತು. ಟೀಚರಿಗೆ ಒಂದು ಕಾರ್ಡು ಹಾಕೋಣವೆಂದರೆ ಕಾರ್ಕಳದ ಯಾವ ಶಾಲೆಯೆಂದೂ ಗೊತ್ತಿಲ್ಲ, ವಿಳಾಸವಿಲ್ಲ. ವಿಳಾಸ ಬಿಟ್ಟುಹೋಗುವಷ್ಟೂ ಶಿಸ್ತು ಇರಲಿಲ್ಲ ಅವರಿಗೆ... ಎಷ್ಟೋ ವರ್ಷಗಳ ನಂತರ, ಅವರು ತೀರಿಕೊಂಡ ಸುದ್ದಿ ನಮಗೆ ತಲುಪಿದ್ದು ಎಲ್ಲ ಕಾರ್ಯ ಮುಗಿದ ಮೇಲೆ.

ಗೆಳತಿ ನರ್ಸ್ ಆಗಿ ದುಡಿದು ಈಗ ನಿವೃತ್ತಳು. ನಿನ್ನೆ ಫೋನಿನಲ್ಲಿ ಪುನಃ ಅದೇ ಪ್ರಶ್ನೆ: “ಆ ಜೂನಿನಲ್ಲಿ ನಾನು ಶಾಲೆಗೆ ಹೋದದ್ದು ಟೀಚರಿಗೆ ಗೊತ್ತಾಗಿರಬಹುದಾ?”

“ಎಂತ ಹೇಳುವುದು ಮಾರಾಯ್ತಿ,” ಎಂದೆ. “ಕೇಳುವ ಅಂದರೆ ಅವರೇ ಇಲ್ಲ.”