ಗುರುಮಲ್ಲಮ್ಮ ಹಾಕಿಸಿದ ಲಾಕು

ಗುರುಮಲ್ಲಮ್ಮ ನನ್ನ ಹತ್ತಿರ ಓದಿದ್ದು ಎರಡೇ ವರ್ಷ. ಭೀಮನಬೀಡಿನ ಆಚೆಗಿರುವ ಒಂದು ಸಣ್ಣ ಊರಿನ ಶಾಲೆ ಅದು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕಸ ಗುಡಿಸಿ, ನನ್ನ ಮೇಜಿನ ಮೇಲೆ ಒಂದು ಚೆಂಡು ಹೂವಿಟ್ಟು, ಏನೂ ಅರಿಯದವಳ ಹಾಗೆ ಕೊನೆಯ ಸಾಲಿನಲ್ಲಿ ಕೂರುತ್ತಿದ್ದಳು. ಮಗ್ಗಿಯನ್ನು ಹಾಡಿನಂತೆ ಒಪ್ಪಿಸುವಳು. ಓದೆಂದರೆ ಮಾತ್ರ ಒಂದೊಂದು ಅಕ್ಷರವನ್ನೂ ಬೆರಳಿನಿಂದ ಒತ್ತಿ ಹಿಡಿದೇ ಮುಂದಕ್ಕೆ ಹೋಗಬೇಕು. ಮೂರನೆಯ ತರಗತಿಗೆ ಬರುವ ಹೊತ್ತಿಗೆ ಅವಳಿಗೆ ತಮ್ಮ ಹುಟ್ಟಿದ. ಕೂಸನ್ನು ಎತ್ತಿಕೊಳ್ಳುವವರು ಬೇಕಾಗಿದ್ದರು. ಶಾಲೆ ಅಲ್ಲಿಗೆ ಮುಗಿಯಿತು.

ಹೋದ ಆಷಾಢದಲ್ಲಿ ಅವಳು ತೀರಿಕೊಂಡಳು. ಎದೆಯಲ್ಲಿ ಗಂಟಾಗಿತ್ತು. ಅದನ್ನು ಮೊದಲು ಕಂಡವಳು ಮಗಳು ಸಿಂಧು. ಅದೇನೆಂದು ತಿಳಿಯಲು ಹೊರಟವಳೂ ಅವಳೇ. ಅದಕ್ಕೆ ಪ್ರತಿಯಾಗಿ ಊರು ಆ ಹುಡುಗಿಗೆ ಏನು ಕೊಟ್ಟಿತು, ಹೆತ್ತವಳು ಏನು ಕೊಟ್ಟಳು ಎಂಬುದನ್ನು ಸಿಂಧುವಿನ ಬಾಯಿಂದಲೂ ಡೈರಿಗೆ ಹಾಲು ಹಾಕುವವರ ಬಾಯಿಂದಲೂ ಕೇಳಿ ಇಲ್ಲಿ ಬರೆದಿದ್ದೇನೆ.

ಗುರುಮಲ್ಲಮ್ಮನ ಗಂಡ ಮುದ್ದಯ್ಯ ಕೇರಳಕ್ಕೆ ತರಕಾರಿ ಒಯ್ಯುವ ಲಾರಿಯಲ್ಲಿ ಕ್ಲೀನರಾಗಿದ್ದ. ಸಿಂಧು ಇನ್ನೂ ನಡೆಯಲು ಕಲಿಯುವ ಮೊದಲೇ ಬತ್ತೇರಿಯಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡು ಅಲ್ಲಿಯೇ ಉಳಿದುಬಿಟ್ಟ. ಊರಿನವರು ಅದನ್ನು ಮರೆಯಲಿಲ್ಲ, ಗುರುಮಲ್ಲಮ್ಮನಿಗೆ ಮರೆಯಲು ಬಿಡಲೂ ಇಲ್ಲ. ಅವಳು ಎರಡು ಹಸು ಕಟ್ಟಿಕೊಂಡು, ಕಾಲಕ್ಕೆ ಕಂಡವರ ಹೊಲದಲ್ಲಿ ಚೆಂಡು ಹೂ ಬಿಡಿಸಿ, ಮಗಳನ್ನು ಗುಂಡ್ಲುಪೇಟೆಯ ಕಾಲೇಜಿನವರೆಗೂ ಓದಿಸಿದಳು. ಮಗಳ ಹೆಸರಿಗೆ ಒಂದು ಚುಕ್ಕೆಯೂ ಅಂಟಬಾರದು ಎಂಬುದೊಂದೇ ಅವಳ ಹಟ. ಹುಡುಗಿ ಬಸ್ಸಿಳಿದು ಮನೆಗೆ ಬರುವುದು ಸ್ವಲ್ಪ ತಡವಾದರೂ ಬೀದಿಯಲ್ಲಿಯೇ ನಿಲ್ಲಿಸಿ ವಿಚಾರಿಸುವಳು.

ಕಾಲೇಜಿನ ಪಾಠಗಳು ಫೋನಿಗೇ ಬರುತ್ತವೆಂದು ಮಗಳಿಗೊಂದು ಫೋನು ತೆಗೆಸಿಕೊಟ್ಟಿದ್ದಳು. ಬೇಗೂರಿನ ಕಡೆಯ ಹುಡುಗಿಯೊಬ್ಬಳು ಫೋನಿನಲ್ಲಿ ಪರಿಚಯವಾದವನ ಜೊತೆ ಹೊರಟುಹೋದಳೆಂಬ ಸುದ್ದಿ ಹೂವಿನ ಹೊಲದಲ್ಲಿ ಹಬ್ಬಿತು. ಮರುದಿನವೇ ಗುರುಮಲ್ಲಮ್ಮ ತನ್ನ ಫೋನು, ಮಗಳ ಫೋನು ಎರಡನ್ನೂ ಎಲೆಅಡಿಕೆ ಚೀಲಕ್ಕೆ ತುರುಕಿಕೊಂಡು ಬೇಗೂರಿಗೆ ಬಸ್ಸು ಹತ್ತಿದಳು. ಅಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ದೇವರಾಜು, ಕೆಟ್ಟ ಪುಟಗಳು ತೆರೆಯದ ಹಾಗೆ ಲಾಕು ಹಾಕಬಹುದೆಂದೂ, ಮಗಳು ಅಂಥದ್ದನ್ನು ತೆರೆಯಲು ಹೋದರೆ ಕೂಡಲೇ ತಾಯಿಯ ಫೋನಿಗೆ ಮೆಸೇಜು ಬರುತ್ತದೆಂದೂ ವಿವರಿಸಿದ. ಅದರಲ್ಲಿ ಸಡಿಲ, ಬಿಗಿ ಎಂದು ಬೇರೆಬೇರೆ ಉಂಟು, ಕಾಲೇಜಿನವರಿಗೆ ನಡುವಿನದು ಸಾಕು ಎಂದ.

"ಎಲ್ಲಕ್ಕಿಂತ ಬಿಗಿ ಯಾವ್ದಪ್ಪ?"

"ಸಣ್ಣ ಮಕ್ಕಳಿಗೆ ಹಾಕೋದು ಕಣಕ್ಕ. ಆದ್ರೆ ಅದು ಒಳ್ಳೇದನ್ನೂ ತಡೀತದೆ."

"ಒಳ್ಳೇದು ಓಯ್ತದೆ ಅಂದ್ರೆ ಓಗ್ಲಿ. ಅದನ್ನೇ ಹಾಕು."

ಅಂದು ಸಂಜೆ ಡೈರಿಯಲ್ಲಿ ಹಾಲು ಹಾಕುತ್ತ, ನನ್ನ ಮಗಳ ಫೋನಿಗೆ ಲಾಕು ಹಾಕಿಸಿ ಬಂದೆ ಎಂದು ಎಲ್ಲರಿಗೂ ಹೇಳಿದಳು. ಹೆಂಗಸರು ಅಂಗಡಿ ಎಲ್ಲಿ ಎಂದು ಕೇಳಿ ತಿಳಿದುಕೊಂಡರು.

ಆ ಊರಿನಲ್ಲಿ ಡೈರಿಯೆಂದರೆ ಹಾಲು ಅಳೆಯುವ ಜಾಗ ಮಾತ್ರವಲ್ಲ. ಫೋನಿಗೆ ಬರುವ ಇಂಗ್ಲಿಷ್ ಮೆಸೇಜುಗಳನ್ನು ಓದಿಸಿಕೊಳ್ಳುವ ಜಾಗವೂ ಅದೇ. ಹಾಲಿನ ಹಣದ್ದಿರಲಿ, ಗ್ಯಾಸಿನದ್ದಿರಲಿ, ಜನ ಕ್ಯಾನಿನ ಜೊತೆಗೆ ಫೋನನ್ನೂ ಸೆಕ್ರೆಟರಿ ಕನಕರಾಜುವಿನ ಮುಂದೆ ಇಡುವರು. ಅವನು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಓದಿ ಹೇಳುವನು. ಮುಚ್ಚಿಡುವಂಥದ್ದು ಏನಾದರೂ ಅದರಲ್ಲಿ ಬಂದೀತೆಂದು ಯಾರೂ ಯೋಚಿಸಿರಲಿಲ್ಲ.

ಯುಗಾದಿ ಬಂತು. ಎಣ್ಣೆಸ್ನಾನದಲ್ಲಿ ತಾಯಿಯ ಬೆನ್ನು ತಿಕ್ಕುತ್ತಿದ್ದ ಸಿಂಧುವಿನ ಕೈಗೆ ಎಡಗಡೆ, ಕಂಕುಳಿನ ಕೆಳಗೆ ಗೋಲಿಯಂಥ ಗಂಟೊಂದು ತಾಗಿತು. ಬಗ್ಗಿ ನೋಡಿದಾಗ ಎದೆಯ ಆ ಭಾಗದ ಚರ್ಮ ಒಳಕ್ಕೆ ಸೆಳೆದುಕೊಂಡಿತ್ತು. ಹೂವಿನ ಕುಕ್ಕೆ ಒತ್ತಿ ಆಗಿರುವುದು, ಬಿಡು ಎಂದಳು ತಾಯಿ. ಆಸ್ಪತ್ರೆಗೆ ಹೋಗೋಣವೆಂದು ಮಗಳು ಒತ್ತಾಯಿಸಿದಾಗ, ಅವಳ ಒದ್ದೆ ಕೈಯನ್ನು ಎಳೆದು ತನ್ನ ತಲೆಯ ಮೇಲೆ ಇರಿಸಿಕೊಂಡಳು.

"ಯಾರ ಕುಟೂ ಅನ್ನಕೂಡದು. ಮಾದಪ್ಪನ ಆಣೆ."

ಬೆಟ್ಟದ ಮಾದಪ್ಪನ ಹೆಸರಿನಲ್ಲಿ ಇಟ್ಟ ಆಣೆಯನ್ನು ನಮ್ಮ ಕಡೆಯವರು ಮುರಿಯುವುದಿಲ್ಲ. ಗೆಳತಿಯನ್ನು ಕೇಳಿದರೆ ಯಾರಿಗಾಗಿದೆ ಎಂದು ಅವಳು ಕೇಳುವಳು. ಉಳಿದದ್ದು ಕೈಯಲ್ಲಿದ್ದ ಫೋನು. ಹಬ್ಬ ಕಳೆದ ಮೇಲೆ ಗುಂಡ್ಲುಪೇಟೆಗೆ ಹೋಗುವ ಬಸ್ಸಿನಲ್ಲಿ ಕುಳಿತು ಸಿಂಧು ಅಂಥ ಗಂಟಿನ ಬಗ್ಗೆ ವೈದ್ಯರು ಬರೆದ ಪುಟಗಳನ್ನು ಹುಡುಕಿದಳು. ಪುಟಗಳು ಸಿಕ್ಕವು, ತೆರೆಯಲಿಲ್ಲ. ಅವುಗಳಲ್ಲಿ ಹೆಂಗಸಿನ ಎದೆಯ ಚಿತ್ರಗಳಿದ್ದವು. ಸಣ್ಣ ಮಕ್ಕಳ ಲಾಕಿಗೆ ರೋಗಿಯ ಮೈಯಾದರೂ ಒಂದೇ, ಬೇರೆಯವರ ಮೈಯಾದರೂ ಒಂದೇ. ಅವಳು ಇನ್ನೊಂದನ್ನು ಒತ್ತಿದಳು, ಮತ್ತೊಂದನ್ನು ಒತ್ತಿದಳು. ವೈದ್ಯರ ಪುಟಕ್ಕೂ ತಾಯಿಗೆ ಮೆಸೇಜು ಹೋಗುತ್ತದೆಂದು ಅವಳಿಗೆ ತೋಚಲಿಲ್ಲ.

ಸಂಜೆ ಗುರುಮಲ್ಲಮ್ಮ ಹಾಲಿನ ಹಣದ ಮೆಸೇಜಿರಬೇಕೆಂದು ಫೋನನ್ನು ಕನಕರಾಜುವಿಗೆ ಕೊಟ್ಟಳು. ಅವನು ಒಮ್ಮೆ ಓದಿಕೊಂಡ. ಮತ್ತೊಮ್ಮೆ ಓದಿಕೊಂಡು ಸಾಲಿನತ್ತ ನೋಡಿ ನಕ್ಕ.

"ಬ್ಯಾಂಕಿಂದಲ್ಲ ಕಣಕ್ಕ. ನೀನು ಹಾಕ್ಸಿದ ಲಾಕಿಂದು. ನಿನ್ ಮಗ್ಳು ಬೆತ್ತಲೆ ಚಿತ್ರದ ಪುಟ ತೆಗೆಯಕ್ಕೆ ಓಗವ್ಳಂತೆ. ಒಂದ್ಸಲ ಅಲ್ಲ, ಮ್ಯಾಲಿಂದ ಮ್ಯಾಲೆ."

"ಲಾಕು ಮಾತ್ರ ಚೆನ್ನಾಗಿ ಕೆಲ್ಸ ಮಾಡ್ತದೆ ಕಣ್ಲಾ" ಎಂದ, ಕ್ಯಾನಿನ ಮೇಲೆ ಕುಳಿತಿದ್ದ ನಂಜುಂಡಪ್ಪ. "ಅಪ್ಪನ ರಕ್ತ ಅಲ್ವಾ, ಬತ್ತೇರಿ ಕಡೀಕೇ ಎಳೀತದೆ."

ಸಾಲೆಲ್ಲ ನಕ್ಕಿತು. ಲಾಕಿನ ಅಂಗಡಿ ಕೇಳಿ ತಿಳಿದುಕೊಂಡಿದ್ದ ಹೆಂಗಸರೂ ನಕ್ಕರು. ಗುರುಮಲ್ಲಮ್ಮ ಹಾಲು ಅಳೆಸದೆ ಕ್ಯಾನನ್ನು ಹಾಗೆಯೇ ಹೊತ್ತು ಮನೆಗೆ ಬಂದು, ಹಸು ಕಟ್ಟುವ ಹಗ್ಗದಿಂದ ಮಗಳನ್ನು ಹೊಡೆದಳು. ಏಟಿನ ನಡುವೆ ಸಿಂಧು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ನಿನ್ನ ಗಂಟು ಏನೆಂದು ನೋಡುತ್ತಿದ್ದೆ. ಅದಕ್ಕೆ ಇನ್ನೆರಡು ಏಟು ಹೆಚ್ಚಿಗೆ ಬಿದ್ದವು.

"ನಿನ್ ಕೊಳಕಿಗೆ ನನ್ ಮೈ ಅಡ್ಡ ಇಡ್ತೀಯಾ?"

ಮರುದಿನ ಬೆಳಿಗ್ಗೆ ಮಗಳನ್ನು ಡೈರಿಗೆ ಎಳೆದುಕೊಂಡು ಹೋದಳು. ತಾನು ಬಿಗಿಯಾಗಿಯೇ ಬೆಳೆಸಿದ್ದೇನೆಂದು ಜನರಿಗೆ ಗೊತ್ತಾಗಬೇಕಿತ್ತು. ತಪ್ಪಾಯಿತು ಎಂದು ಎಲ್ಲರ ಮುಂದೆ ಹೇಳು ಎಂದಳು. ಕನಕರಾಜುವಿಗೆ ಅಷ್ಟು ಸಾಲದಾಯಿತು.

"ಏನ್ ನೋಡಕ್ಕೆ ಓಗಿದ್ದೆ ಕಣಮ್ಮಿ, ಅದ್ನೂ ಹೇಳ್ಬುಡು. ನಾವೇನೂ ಅಂದ್ಕಳಲ್ಲ."

ಸಿಂಧು ತಾಯಿಯ ಮುಖ ನೋಡಿದಳು. ಒಂದು ಮಾತು ಆಡಿದ್ದರೆ ಅವಳ ಹೆಸರು ಉಳಿಯುತ್ತಿತ್ತು. ಅವಳು ಬಾಯಿ ತೆರೆದದ್ದನ್ನು ಕಂಡ ಗುರುಮಲ್ಲಮ್ಮನ ಕೈ ತಾನಾಗಿಯೇ ಎಡಗಡೆಯ ಸೆರಗಿನ ಮೇಲೆ ಹೋಗಿ ಒತ್ತಿಕೊಂಡಿತು. ಮಗಳು ನಿಜ ಹೇಳಿದ್ದಳೆಂದು ತನಗೆ ಆ ಗಳಿಗೆಯಲ್ಲಿಯೇ ತಿಳಿಯಿತೆಂದು ಅವಳು ಸಾಯುವ ಮುಂಚೆ ಒಪ್ಪಿಕೊಂಡಳಂತೆ. ತಿಳಿದೂ ಅವಳು ಬೇಡವೆಂದು ತಲೆಯಾಡಿಸಿದಳು. ಅಷ್ಟು ಗಂಡಸರ ಮುಂದೆ ತನ್ನ ಎದೆಯ ಮಾತು ಬರುವುದಕ್ಕಿಂತ ಮಗಳ ಹೆಸರು ಹೋಗುವುದೇ ಅವಳಿಗೆ ಆಗ ಹಗುರವೆನಿಸಿತು.

"ತಪ್ಪಾಯ್ತು" ಎಂದಳು ಸಿಂಧು.

ಕಾಲೇಜು ಅಂದಿಗೇ ನಿಂತಿತು. ಫೋನು ಟ್ರಂಕಿಗೆ ಸೇರಿತು. ಪಡ್ಡೆ ಹುಡುಗರು ಸಿಂಧುವನ್ನು ಲಾಕು ಎಂದು ಕೂಗತೊಡಗಿದರು. ಸಣ್ಣ ಮಕ್ಕಳೂ ಅದನ್ನೇ ಕಲಿತವು. ಶ್ರಾವಣದಲ್ಲಿ ಹರವೆಯ ಶಿವಸ್ವಾಮಿ ಎಂಬವನು ಹೆಣ್ಣು ಕೇಳಲು ಬಂದ. ಹೆಂಡತಿ ಸತ್ತವನು, ಸಿಂಧುವಿಗಿಂತ ಎಷ್ಟೋ ದೊಡ್ಡವನು. ಬೇರೆ ಯಾರೂ ಬಂದಿರಲಿಲ್ಲ. ಊರಿನ ಮಾತು ಅವನ ಕಿವಿಗೂ ಬಿದ್ದಿತ್ತು. ಧಾರೆಯಾದ ಮೇಲೆ ಗುರುಮಲ್ಲಮ್ಮ ಮಗಳ ಫೋನನ್ನು ಅಳಿಯನ ಕೈಗೆ ಕೊಟ್ಟು, ಲಾಕನ್ನು ತೆಗೆಸಬೇಕೇ ಎಂದು ಕೇಳಿದಳು. ಹಾಗೆಯೇ ಇರಲಿ, ಅದಿದ್ದರೇ ನಮಗೂ ಧೈರ್ಯ ಎಂದ ಅವನು. ಅವನ ಕಡೆಯವರು ನಕ್ಕರು. ಸಿಂಧು ಫೋನನ್ನು ಇಸಿದುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡಳು.

ಹರವೆಯಿಂದ ಫೋನು ಮಾಡಿದಾಗಲೆಲ್ಲ ಅವಳು ಕೇಳುತ್ತಿದ್ದುದು ಒಂದೇ ಮಾತು, ಆಸ್ಪತ್ರೆಗೆ ಹೋಗಿದ್ದೆಯಾ ಎಂದು. ಗಂಟು ಕರಗಿಹೋಯಿತೆಂದು ತಾಯಿ ಹೇಳುತ್ತಿದ್ದಳು. ಅದು ಕರಗಿರಲಿಲ್ಲ, ನಿಂಬೆಹಣ್ಣಿನಷ್ಟಾಗಿತ್ತು. ಗುರುಮಲ್ಲಮ್ಮ ಅದರ ಮೇಲೆ ಹಳೆಯ ಸೀರೆಯ ಪಟ್ಟಿ ಬಿಗಿದು ಹೂವಿಗೆ ಹೋಗುತ್ತಿದ್ದಳು. ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ಪಟ್ಟಿ ನೆನೆದು ರವಿಕೆಯ ಮೇಲೆ ರಕ್ತ ಕಾಣಿಸಿಕೊಂಡಿತು. ಹೊಲದಲ್ಲಿಯೇ ಕುಸಿದಳು. ತಮ್ಮ ಮಾದೇಶ, ಯಾರಿಗಾಗಿ ಅವಳು ಶಾಲೆ ಬಿಟ್ಟಿದ್ದಳೋ ಅವನೇ, ಗುಂಡ್ಲುಪೇಟೆಗೆ, ಅಲ್ಲಿಂದ ಚಾಮರಾಜನಗರದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಗಂಟು ಶ್ವಾಸಕೋಶಕ್ಕೂ ಇಳಿದಿದೆ, ಇನ್ನು ನೋವು ತಗ್ಗಿಸಬಹುದಷ್ಟೇ ಎಂದರು ಅಲ್ಲಿಯ ಡಾಕ್ಟರಮ್ಮ. ಮೊದಲು ಕಂಡದ್ದು ಯಾವಾಗ ಎಂದು ಕೇಳಿದರು. ಹೋದ ಯುಗಾದಿ ಎಂದಳು ಗುರುಮಲ್ಲಮ್ಮ. ಆಗಲೇ ಬಂದಿದ್ದರೆ ತೆಗೆದುಹಾಕಬಹುದಾಗಿತ್ತು ಎಂದಷ್ಟೇ ಹೇಳಿ ಅವರು ಪಕ್ಕದ ಹಾಸಿಗೆಗೆ ಹೋದರು.

ಊರಿಗೆ ಮರಳಿದ ಸಂಜೆ ಮಾದೇಶ ಹರವೆಗೆ ಫೋನು ಮಾಡಿ ಸಿಂಧುವಿಗೆ ಸುದ್ದಿ ತಿಳಿಸಿದ. ಬೆಳಿಗ್ಗೆ ಗುರುಮಲ್ಲಮ್ಮ ತಾನೇ ಹಾಲು ಕರೆದು, ಬೇಡವೆಂದರೂ ಕೇಳದೆ ಡೈರಿಗೆ ಹೊರಟಳು. ಸಾಲು ಎಂದಿನಂತೆಯೇ ಇತ್ತು. ತನ್ನ ಸರದಿ ಬಂದಾಗ ಕ್ಯಾನನ್ನು ಕೆಳಗಿಟ್ಟು, ಎಡಗಡೆಯ ಸೆರಗಿನ ಮೇಲೆ ಕೈಯಿಟ್ಟಳು.

"ಕೇಳ್ರಪ್ಪಾ. ನನ್ ಮಗ್ಳು ಅವತ್ತು ನೋಡಕ್ಕೋಗಿದ್ದು ಈ ನನ್ ಎದೆ ಗಂಟು ಏನೂಂತ. ಬ್ಯಾರೆ ಏನೂ ಅಲ್ಲ. ನಂಗದು ಗೊತ್ತಿತ್ತು. ಗೊತ್ತಿದ್ದೂ ಬಾಯ್ ಮುಚ್ಕಂಡಿದ್ದೆ."

ಯಾರೂ ನಗಲಿಲ್ಲ. ಯಾರೂ ಅವಳ ಮುಖವನ್ನೂ ನೋಡಲಿಲ್ಲ. ಈಗ ಹೇಳಿ ಏನು ಮಾಡುವುದು, ಮದುವೆ ಆಗಿಹೋಯಿತಲ್ಲ ಎಂದು ನಂಜುಂಡಪ್ಪ ನೆಲ ನೋಡುತ್ತ ಗೊಣಗಿದ.

"ಹಾಲು ಸುರಿ ಗುರುಮಲ್ಲಕ್ಕ" ಎಂದ ಕನಕರಾಜು. "ಹಿಂದೆ ಜನ ನಿಂತವ್ರೆ."

ಅವಳು ಸುರಿದಳು. ಅವನು ಎಂದಿನಂತೆ ಫ್ಯಾಟು ನೋಡಿ ಚೀಟಿ ಕೊಟ್ಟ. ಅಷ್ಟರಲ್ಲಿ ಎಲೆಅಡಿಕೆ ಚೀಲದೊಳಗೆ ಫೋನು ಸದ್ದು ಮಾಡಿತು. ಹೊರಗೆ ತೆಗೆದಳು. ಲಾಕಿನ ಮೆಸೇಜಿಗೆ ದೇವರಾಜು ಇಟ್ಟುಕೊಟ್ಟಿದ್ದ ಸದ್ದು ಅದು. ಮೊದಲ ಸಲ ಅದನ್ನು ಹಾಲಿನ ಹಣದ್ದೆಂದುಕೊಂಡಿದ್ದಳು, ಈಗ ಅದರ ಗುರುತು ಅವಳಿಗಿತ್ತು. ಮತ್ತೊಮ್ಮೆ ಬಂತು. ಸ್ವಲ್ಪ ತಡೆದು ಮಗದೊಮ್ಮೆ ಬಂತು. ಹರವೆಯಲ್ಲಿ ಕುಳಿತು ಸಿಂಧು ಮತ್ತೆ ಅದೇ ಪುಟಗಳನ್ನು ಒತ್ತುತ್ತಿದ್ದಳು, ಅವು ಈಗಲೂ ತೆರೆಯುತ್ತಿರಲಿಲ್ಲ.

ಕನಕರಾಜು ವಾಡಿಕೆಯಂತೆ ಕೈ ಚಾಚಿದ.

"ಬ್ಯಾಡ" ಎಂದಳು ಗುರುಮಲ್ಲಮ್ಮ. "ಇದ್ನ ನಾನೇ ಓದ್ಕಂಡೆ."

ಫೋನನ್ನು ಚೀಲಕ್ಕೆ ಹಾಕಿ ದಾರ ಬಿಗಿದಳು. ಖಾಲಿ ಕ್ಯಾನನ್ನೂ ಎಡಗೈಯಿಂದ ಎತ್ತಲಾಗದೆ, ಬಲಗೈಗೆ ಬದಲಾಯಿಸಿಕೊಂಡು ಮನೆಯ ಕಡೆಗೆ ನಡೆದಳು.