ಮಾಸ್ತರದು ಸ್ಪೆಷಲ್

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಅಡುಗೆಮನೆಯಲ್ಲಿ ಕೊತ್ತಂಬರಿ ಬೀಜ, ಜೀರಿಗೆ ಹುರಿಯುತ್ತಿದ್ದಳು. ವಾಸನೆ ಪಡಸಾಲೆಗೆ ಬಂದು, ಪೇಪರು ಓದುತ್ತಿದ್ದ ನನ್ನ ಮಗ್ಗುಲಿಗೆ, ಕರೆಯದೆ ಬರುವ ಸಲಿಗೆಯ ನೆಂಟನ ಹಾಗೆ ಕುಳಿತಿತು. ಕಷಾಯದ ಪುಡಿ ಈಗ ತಿಂಗಳಿಗೊಮ್ಮೆ ನಮ್ಮ ಮನೆಯಲ್ಲೇ ಆಗುತ್ತದೆ. ಹೋದ ವರ್ಷದವರೆಗೆ ಅದು ಬೇರೆ ಮನೆಯಲ್ಲಿ ಆಗುತ್ತಿತ್ತು. ಆ ಮನೆಯ ಯಜಮಾನರನ್ನು ಬೆಟಗೇರಿಯೆಲ್ಲ ಚಾಚಾ ಎನ್ನುತ್ತಿತ್ತು. ನಾನೂ ಹಾಗೇ ಅನ್ನುತ್ತಿದ್ದೆ...

ನಾನು ಕೆಲಸ ಮಾಡುತ್ತಿದ್ದ ಛಾಪಖಾನೆಯ ಎದುರಿಗೇ ಅವರ ಚಹಾದಂಗಡಿ. ಗಾಳಿಗೆ ಒಲೆ ಆರಬಾರದೆಂದು ಮುಂದೊಂದು ತಗಡು ನಿಲ್ಲಿಸಿದ್ದರು. ತಗಡಿನ ಹಿಂದೆ ಏನು ನಡೆಯುತ್ತಿತ್ತೋ ಗಿರಾಕಿಗಳಿಗೆ ಕಾಣುತ್ತಿರಲಿಲ್ಲ, ಗ್ಲಾಸು ಹಿಡಿದ ಕೈಯೊಂದು ಹೊರಗೆ ಬರುವುದಷ್ಟೇ ಕಾಣುತ್ತಿತ್ತು. ನಾನು ಛಾಪಖಾನೆಯಲ್ಲಿ ಕರಡು ತಿದ್ದುವವನು; ತಪ್ಪು ತಿದ್ದುವವನೆಂದು ಊರಿಗೆಲ್ಲ ಮಾಸ್ತರ. ನೇಕಾರರ ಮನೆಯಲ್ಲಿ ಹುಟ್ಟಿ, ಎಲ್ಲಿ ಎಳೆ ಹರಿದಿದೆ ಎಂದು ನೋಡುತ್ತ ಬೆಳೆದವನು, ಮಗ್ಗ ಬಿಟ್ಟು ಅಕ್ಷರಕ್ಕೆ ಬಂದಿದ್ದೆ. ಅಕ್ಷರ ನೋಡುವ ಕಣ್ಣಿಗೆ ಚಹಾ ಬೇಕು ಎಂಬುದು ನನ್ನ ಸಿದ್ಧಾಂತವಾಗಿತ್ತು. ಸಿದ್ಧಾಂತವನ್ನು ಆಚರಣೆಗೆ ತರುವಲ್ಲಿ ನಾನೆಂದೂ ಆಲಸ್ಯ ಮಾಡಿದವನಲ್ಲ.

ನನ್ನ ಕಾಯಿಲೆ ಪ್ರಕಟವಾದದ್ದು ಒಂದು ಲಗ್ನಪತ್ರಿಕೆಯ ಮೂಲಕ. ಹತ್ತು ವರ್ಷದ ಹಿಂದಿನ ಮಾತು. ಮುಂಡರಗಿಯ ಒಂದು ದೊಡ್ಡ ಮನೆತನದ ಪತ್ರಿಕೆ ತಿದ್ದಲು ಬಂದಿತ್ತು. ನಾನು ಆಗ ನಾಲ್ಕು ದಿನದಿಂದ ನಿದ್ದೆ ಮಾಡಿರಲಿಲ್ಲ, ಮಾಡಬೇಕು ಅನಿಸಿಯೂ ಇರಲಿಲ್ಲ. ಜಗತ್ತಿನ ತಪ್ಪುಗಳೆಲ್ಲ ನನಗೆ ಸ್ಪಷ್ಟವಾಗಿ ಕಾಣತೊಡಗಿದ್ದವು. ಆ ಪತ್ರಿಕೆಯ ಕೆಳಗೆ ಆಗಮನಾಭಿಲಾಷಿಗಳ ಪಟ್ಟಿಯಲ್ಲಿ ಹದಿನೆಂಟು ಮಂದಿ ಕಾಕಾಗಳಿದ್ದರು. ಒಂದೇ ಮನೆತನ, ಒಂದೇ ಅಭಿಲಾಷೆ, ಇಷ್ಟೊಂದು ಪುನರುಕ್ತಿ ಏಕೆ ಎಂದು ಹನ್ನೊಂದು ಮಂದಿಯನ್ನು ಕೆಂಪು ಪೆನ್ನಿನಿಂದ ಹೊಡೆದು ಹಾಕಿದೆ. ನನ್ನ ತಿದ್ದುಪಡಿಯ ಮೇಲೆ ಎಲ್ಲರಿಗೂ ಎಷ್ಟು ನಂಬಿಕೆಯೆಂದರೆ, ಪತ್ರಿಕೆ ಹಾಗೇ ಅಚ್ಚಾಗಿ ಊರೂರಿಗೆ ಹಂಚಿಯೂ ಹೋಯಿತು. ಮೂರನೆಯ ದಿನ ಹನ್ನೊಂದು ಮಂದಿ ಕಾಕಾಗಳು ಒಂದು ಟೆಂಪೋದಲ್ಲಿ ಬಂದಿಳಿದರು. ಅವರಿಗೆ ನಾನು ಅರ್ಧ ತಾಸು ಶೈಲಿಯ ಬಗ್ಗೆ ಉಪನ್ಯಾಸ ಕೊಟ್ಟೆನಂತೆ. ಅದರ ನೆನಪು ನನಗೆ ಸರಿಯಾಗಿಲ್ಲ...

ಹುಬ್ಬಳ್ಳಿಯ ಡಾಕ್ಟರು ಇದಕ್ಕೆ ಬೈಪೋಲಾರ್ ಅನ್ನುತ್ತಾರೆ ಎಂದರು. ಮನಸ್ಸಿಗೆ ಕೆಲವು ಕಾಲ ಏರು, ಕೆಲವು ಕಾಲ ಇಳುಕಲು. ಲಿಥಿಯಂ ಗುಳಿಗೆ ದಿನಾ ತಪ್ಪಿಸಬಾರದು, ನಿದ್ದೆಯನ್ನಂತೂ ಕಾಯಬೇಕು. ಆಮೇಲೆ ಚಹಾ ಎಷ್ಟು ಎಂದು ಕೇಳಿದರು. ನಾನು ನಾಲ್ಕು ಎಂದೆ. ನನ್ನ ಹೆಂಡತಿ ಮುಖ ಎತ್ತದೆ ಹೇಳಿದಳು: “ಮನ್ಯಾಗ ನಾಕ್ರಿ. ಹೊರಗಿಂದು ಚಾಚಾರೇ ಹೇಳಬೇಕು.”

ಚಹಾ ನಿದ್ದೆ ಕೆಡಿಸುತ್ತದೆ, ನಿದ್ದೆ ಕೆಟ್ಟರೆ ಏರು ಶುರುವಾಗುತ್ತದೆ ಎಂದು ಡಾಕ್ಟರು ತಿಳಿಸಿ ಹೇಳಿದರು. ಆದರೆ ಒಮ್ಮೆಲೇ ಬಿಡಬೇಡಿ, ಚಹಾ ಕಡಿಮೆಯಾದರೆ ಗುಳಿಗೆಯ ಅಂಶ ರಕ್ತದಲ್ಲಿ ಏರುತ್ತದೆ, ಸ್ವಲ್ಪ ಸ್ವಲ್ಪವೇ ಬಿಡುತ್ತ ರಕ್ತ ಪರೀಕ್ಷೆ ಮಾಡಿಸಿಕೊಳ್ಳುತ್ತ ಹೋಗಿ ಎಂದರು. ಸ್ವಲ್ಪ ಸ್ವಲ್ಪ ಎಂಬುದು ನನ್ನ ಸ್ವಭಾವದಲ್ಲಿ ಇರಲಿಲ್ಲ. ಮರುದಿನವೇ ಚಾಚಾನ ಕಟ್ಟೆಯ ಮೇಲೆ ಖಾಲಿ ಗ್ಲಾಸು ಬೋರಲು ಹಾಕಿ, ಇಂದಿನಿಂದ ಈ ಪೇಯ ನನಗೆ ವರ್ಜ್ಯ ಎಂದು ನಾಲ್ವರ ಮುಂದೆ ಘೋಷಿಸಿದೆ. ನಾಲ್ಕನೆಯ ದಿನಕ್ಕೆ ತಲೆ ಸೀಳಿಹೋಗುವಂತಾಯಿತು. ಕೈ ನಡುಗಿ, ಕೆಂಪು ಪೆನ್ನು ನನ್ನನ್ನು ಕೇಳದೆ ತಾನೇ ತಿದ್ದುಪಡಿ ಮಾಡತೊಡಗಿತು. ಡಾಕ್ಟರು ಫೋನಿನಲ್ಲೇ ಬೈದು, ಚಹಾ ಮತ್ತೆ ಶುರು ಮಾಡಿಸಿದರು.

ಆಗ ನನ್ನ ಹೆಂಡತಿ ತಾನೇ ಚಾಚಾನ ಅಂಗಡಿಗೆ ಹೋದಳು. ಅವಳು ಹಾಗೆ ಅಂಗಡಿಯ ಮುಂದೆ ಹೋಗಿ ನಿಂತದ್ದು ಅದೇ ಮೊದಲು. ಎಲ್ಲ ಹೇಳಿದಳಂತೆ: ಕಾಯಿಲೆಯ ಹೆಸರು, ಗುಳಿಗೆ, ಇನ್ನೊಮ್ಮೆ ಹಾಗಾದರೆ ಕೆಲಸ ಉಳಿಯುವುದಿಲ್ಲವೆಂದು ಮಾಲೀಕರು ಅಂದದ್ದು. ಚಾಚಾ ಒಲೆ ಸಣ್ಣ ಮಾಡಿಕೊಂಡು ಪೂರ್ತಿ ಕೇಳಿದರಂತೆ. “ಸಂಜೀದು ಮೊದಲ ಬಿಡಸೂಣ್ರಿ ಅಕ್ಕಾರ,” ಅಂದರಂತೆ. “ಮುಂಜಾನೀದು ಕಡೀಕ. ಅದಕ್ಕ ಈಗ ಕೈ ಹಚ್ಚಿದ್ರ ಮಾಸ್ತರ ಜಗಳಾ ತಗೀತಾರ.”

ಡಾಕ್ಟರ ಮಾತನ್ನು ನನಗಿಂತ ಚೆನ್ನಾಗಿ ಪಾಲಿಸಿದವರು ಅವರು. ವಾರಕ್ಕೊಂದು ಗ್ಲಾಸು ಚಹಾ ಹೋಗಿ, ಅದರ ಜಾಗಕ್ಕೆ ಒಂದು ಗ್ಲಾಸು ಕಷಾಯ ಬರುತ್ತಿತ್ತು. ಪುಡಿಯನ್ನು ಮನೆಯಲ್ಲಿ ಚಾಚಿ ಮಾಡಿಕೊಡುತ್ತಿದ್ದರು. ಬೆಲ್ಲ, ಹಾಲು ಹಾಕಿ ಕುದಿಸಿದರೆ ಬಣ್ಣ ಥೇಟ್ ಚಹಾದ್ದೇ. ಗ್ಲಾಸೂ ಅದೇ. ಕಟ್ಟೆಯ ಮೇಲಿದ್ದ ಒಬ್ಬನಿಗೂ ನನ್ನ ಕಾಯಿಲೆಯ ಸುಳಿವು ಹತ್ತಬಾರದೆಂದು, ತಗಡಿನ ಹಿಂದಿನಿಂದ “ಮಾಸ್ತರದು ಸ್ಪೆಷಲ್” ಎಂದು ಕೂಗಿ ಕೊಡುತ್ತಿದ್ದರು. ಇದರಿಂದ ಊರಲ್ಲಿ ನನ್ನ ಗೌರವ ಏರಿತು. ವಿಮಾ ಏಜೆಂಟನೊಬ್ಬ ತನಗೂ ಸ್ಪೆಷಲ್ಲೇ ಬೇಕೆಂದು ಹಟ ಹಿಡಿದ. ಅದು ಕುಡಿಯಲು ದೊಡ್ಡ ಯೋಗ್ಯತೆ ಬೇಕಾಗುತ್ತದೆ ಎಂದು ಚಾಚಾ ಗಂಭೀರವಾಗಿ ಹೇಳಿ ಅವನಿಗೆ ಮಾಮೂಲಿ ಚಹಾ ಕೊಟ್ಟರು. ಯೋಗ್ಯತೆಯ ವಿವರ ನಮ್ಮಿಬ್ಬರಿಗೇ ಗೊತ್ತಿತ್ತು.

ಇಳುಕಲಿನ ದಿನಗಳೂ ಬಂದವು. ಆಗ ನಾನು ಮನೆ ಬಿಟ್ಟು ಹೊರಡುತ್ತಿರಲಿಲ್ಲ. ಮಧ್ಯಾಹ್ನದ ನಮಾಜು ಮುಗಿಸಿ ಚಾಚಾ ಫ್ಲಾಸ್ಕು ಹಿಡಿದು ಬರುತ್ತಿದ್ದರು. ಧೈರ್ಯ ತಂದುಕೋ ಎಂದು ಉಳಿದವರೆಲ್ಲ ಹೇಳುತ್ತಿದ್ದರು. ಚಾಚಾ ಮಾತ್ರ ಸುಮ್ಮನೆ ನಮ್ಮ ಕಟ್ಟೆಯ ಮೇಲೆ ಕೂತು, ನಾನು ಕುಡಿದು ಮುಗಿಸುವವರೆಗೆ ಬೀದಿ ನೋಡುತ್ತಿದ್ದರು. ಗ್ಲಾಸು ತೊಳೆಸಿಕೊಂಡು ಹೋಗುತ್ತಿದ್ದರು...

ಮುಂದಿನ ವರ್ಷ ಯುಗಾದಿ ದಾಟಿದ ಮೇಲೆ ನನಗೆ ಬಹಳ ಆರಾಮ ಅನಿಸತೊಡಗಿತು. ಇಷ್ಟು ಆರಾಮ ಇದ್ದವನಿಗೆ ಗುಳಿಗೆ ಏಕೆ ಎಂದು ಬಿಟ್ಟೆ. ಚಾಚಾ ಚಹಾ ಕೊಡುವುದಿಲ್ಲವೆಂದು ಬಸ್ ಸ್ಟ್ಯಾಂಡಿಗೆ ಹೋಗಿ ಕುಡಿದೆ. ಒಂದು ಮುಂಜಾನೆ ಕೆಂಪು ಬಣ್ಣದ ಡಬ್ಬಿ, ಕುಂಚ ಹಿಡಿದು ಅಂಗಡಿಯ ಮುಂದೆ ಹಾಜರಾದೆ. ಗದಗಿನಿಂದ ಶಿರಹಟ್ಟಿ, ಲಕ್ಷ್ಮೇಶ್ವರದವರೆಗೆ ದಾರಿಯಲ್ಲಿರುವ ಎಲ್ಲ ಬೋರ್ಡುಗಳ ತಪ್ಪು ತಿದ್ದುವುದು, ಆಮೇಲೆ ಆ ಕಡೆಯಿಂದ ಹೊಳೆಯ ದಂಡೆಯ ಕೊರ್ಲಹಳ್ಳಿಯವರೆಗೆ, ಇದು ನನ್ನ ಯೋಜನೆ. ಚಾಚಾ ಪೂರ್ತಿ ಕೇಳಿದರು.

“ಮಾಸ್ತರ, ಮಕ್ಕೊಂಡು ಎಷ್ಟ ದಿನಾ ಆತ್ರಿ?”

ಇಂಥ ಸಣ್ಣ ಪ್ರಶ್ನೆಗೆ ಉತ್ತರಿಸುವ ಪುರಸತ್ತು ನನಗಿರಲಿಲ್ಲ. ಅವರು ಒಲೆ ಆರಿಸಿದರು. ಮಧ್ಯಾಹ್ನದ ನಮಾಜಿಗಲ್ಲದೆ ಹಗಲಲ್ಲಿ ಎಂದೂ ಇಳಿಯದ ಶಟರು ಹನ್ನೊಂದು ಗಂಟೆಗೆ ಇಳಿಯಿತು. “ನಡ್ರಿ, ನಾನೂ ಬರ್ತೀನಿ. ಹುಬ್ಬಳ್ಳ್ಯಾಗ ನಿಮ್ಮ ಡಾಕ್ಟರ ಬೋರ್ಡಿನ್ಯಾಗ ಒಂದ ದೊಡ್ಡ ತಪ್ಪ ಐತಿ. ಮೊದಲ ಅದನ್ನ ತಿದ್ದೂಣು.”

ಬಣ್ಣದ ಡಬ್ಬಿಯನ್ನು ತಾವೇ ಹಿಡಿದುಕೊಂಡರು. ದಾರಿಯಲ್ಲಿ ನನ್ನ ಹೆಂಡತಿಯನ್ನೂ ಕರೆದುಕೊಂಡರು; ಒಳ್ಳೆ ಕೆಲಸಕ್ಕೆ ದಂಪತಿ ಜೋಡಿಯಾಗಿ ಹೋಗಬೇಕಂತೆ. ಬಸ್ಸಿನಲ್ಲಿ ನಾನು ಮಾತಾಡುತ್ತಲೇ ಇದ್ದೆ. ಅವರು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೂಂ ಅನ್ನುತ್ತಲೇ ಇದ್ದರು. ಡಾಕ್ಟರ ಬೋರ್ಡನ್ನು ಮೂರು ಸಲ ಓದಿದೆ. ಒಂದೂ ತಪ್ಪಿರಲಿಲ್ಲ. ನಾಲ್ಕನೆಯ ಸಲ ಓದುವಷ್ಟರಲ್ಲಿ ಒಳಗೆ ಕರೆದರು. ಅವತ್ತೇ ಗುಳಿಗೆ ಮತ್ತೆ ಶುರುವಾಯಿತು. ಊರ ಬೋರ್ಡುಗಳೂ ನನ್ನ ಕೆಲಸವೂ ಉಳಿದವು.

ಚಾಚಾಗೆ ಕನ್ನಡ ಓದಲು ಬರುತ್ತಿರಲಿಲ್ಲ ಎಂಬುದು ನನ್ನ ನೆನಪಿಗೆ ಬಂದದ್ದು ಮೂರು ವಾರದ ನಂತರ.

ಇಂಥವರ ಮೇಲೂ ನಾನೊಂದು ಆಪಾದನೆ ಹೊರಿಸಿದ್ದೆ. ನನ್ನ ಕಷಾಯಕ್ಕೆ ಯಾವಾಗಲೂ ಒಂದಿಷ್ಟು ಚಹಾದ ವಾಸನೆ ಇರುತ್ತಿತ್ತು. ಚಹಾ ಸೋಸಿದ ಅರಿವೆಯಲ್ಲೇ ಇದನ್ನೂ ಸೋಸುತ್ತಾರೆ ಎಂದು ನನ್ನ ಖಾತ್ರಿ. ಕರಡು ತಿದ್ದುವವನ ಮೂಗಿನಿಂದ ಅಂಥದ್ದು ತಪ್ಪಿಸಿಕೊಳ್ಳುವುದುಂಟೇ? ವ್ರತಭಂಗದ ಪಾಪ ನಿಮ್ಮ ಮೇಲೆ ಎಂದು ವಾರಕ್ಕೊಮ್ಮೆಯಾದರೂ ಕಟಕಟೆಗೆ ಎಳೆಯುತ್ತಿದ್ದೆ. “ವಾಸನಿ ಪುಕ್ಕಟ ಐತ್ರಿ ಮಾಸ್ತರ, ಸುಮ್ಮನ ಕುಡೀರಿ,” ಎನ್ನುತ್ತಿದ್ದರು. ಇಲ್ಲ ಎಂದು ಮಾತ್ರ ಒಮ್ಮೆಯೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ, ಆ ವಾಸನೆಗಾಗಿಯೇ ನಾನು ಕಷಾಯ ಕುಡಿಯುತ್ತಿದ್ದೆ. ಚಹಾ ಬಿಟ್ಟವನಿಗೆ ಅಷ್ಟೇ ಆಧಾರ.

ಹೋದ ವರ್ಷ ಅವರು ತೀರಿಕೊಂಡರು. ಎದೆನೋವು ಎಂದು ಕೂತವರು ಏಳಲಿಲ್ಲವಂತೆ. ಮಣ್ಣು ಕೊಟ್ಟು ಬಂದ ಎಂಟು ದಿನಕ್ಕೆ ಹೆಂಡತಿಯೊಂದಿಗೆ ಅವರ ಮನೆಗೆ ಹೋದೆ. ಬಂದವರಿಗೆಲ್ಲ ಚಹಾ ಕೊಡುತ್ತಿದ್ದರು. ಇವತ್ತೊಂದು ದಿನ, ಅವರ ಹೆಸರಿನಲ್ಲಿ ಕುಡಿದುಬಿಡೋಣ ಎಂದು ಕೈ ಮುಂದೆ ಮಾಡಿದೆ. ಚಾಚಿ ತಟ್ಟೆಯನ್ನು ನನ್ನ ಮುಂದಿನಿಂದ ದಾಟಿಸಿದರು. ಒಳಗೆ ಹೋಗಿ ಒಂದು ಗ್ಲಾಸು ಕಷಾಯ ತಂದಿಟ್ಟರು. ಜೊತೆಗೆ ನಾಲ್ಕು ಮಡಿಕೆ ಹಾಕಿದ ಒಂದು ಅರಿವೆ.

“ಇದು ನಿಮ್ಮದ್ರಿ ಮಾಸ್ತರ. ನಿಮ್ಮ ಕಷಾಯ ಸೋಸೂ ಅರಿವಿ. ಬ್ಯಾರೆದಕ್ಕ ಮುಟ್ಟಾಕ ಬಿಡತಿದ್ದಿಲ್ಲ. ದಿನಾ ಮನಿಗೆ ತಂದು ತಾವ ತೊಳೀತಿದ್ರು.”

ಬಿಚ್ಚಿ ನೋಡಿದೆ. ತೊಳೆದು ತೊಳೆದು ತೆಳ್ಳಗಾಗಿತ್ತು. ನಡುವೆ ಬೆಲ್ಲದ ತಿಳಿ ಹಳದಿ. ಚಹಾದ ಕಂದು ಕಲೆ ಎಲ್ಲಿಯೂ ಇರಲಿಲ್ಲ. ಒಂಬತ್ತು ವರ್ಷ ನಾನು ಹೊರಿಸಿದ ಆಪಾದನೆಗೆ ಅವರ ಬಳಿ ಇಂಥ ಸಾಕ್ಷಿಯಿತ್ತು, ಒಂದು ದಿನವೂ ತೆಗೆದು ತೋರಿಸಲಿಲ್ಲ...

ಈಗ ಅಂಗಡಿಯ ಜಾಗದಲ್ಲಿ ಮೊಬೈಲ್ ಕವರು ಮಾರುತ್ತಾರೆ. ಬೋರ್ಡಿನಲ್ಲಿ ಎರಡು ತಪ್ಪಿವೆ. ಇರಲಿ ಎಂದು ಬಿಟ್ಟಿದ್ದೇನೆ. ಗುಳಿಗೆ ತಪ್ಪಿಸಿಲ್ಲ, ಹತ್ತಕ್ಕೆ ಮಲಗುತ್ತೇನೆ. ಇವತ್ತು ಹೊಸ ಪುಡಿಯ ಮೊದಲ ಕಷಾಯವನ್ನು ನನ್ನ ಹೆಂಡತಿ ಅದೇ ಅರಿವೆಯಲ್ಲಿ ಸೋಸಿ ಕೊಟ್ಟಳು. ಪುಡಿ ಚಾಚಿಯ ಅಳತೆಯದೇ, ಬೆಲ್ಲವೂ ಅಷ್ಟೇ. ಚಹಾದ ವಾಸನೆ ಬರಲಿಲ್ಲ. ಅದು ಅರಿವೆಯದಾಗಿರಲಿಲ್ಲ, ಗ್ಲಾಸು ಕೊಡುತ್ತಿದ್ದ ಕೈಯದು.

ಹೇಗಾಗಿದೆ ಎಂದು ಹೆಂಡತಿ ಕೇಳಿದಳು. ಒಂದೂ ತಪ್ಪಿಲ್ಲ ಎಂದೆ.