ಕುರುಗೋಡಿನಿಂದ ತಂದ ಸ್ಪೀಕರ್

ಮೊದಲೇ ಹೇಳಿಬಿಡುತ್ತೇನೆ, ದೆವ್ವ, ಗಾಳಿ, ಶಕುನ ಇವನ್ನೆಲ್ಲ ನಂಬಿದವನಲ್ಲ ನಾನು. ಬಳ್ಳಾರಿಯ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದವನು. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಶುರು ಮಾಡಿದರೆ ಸಾಕು, ನಡುವೆ ಬಾಯಿ ಹಾಕಿ, "ಆಗ ನಿಮ್ದು ಊಟ ಆಗಿತ್ತೇನ್ರಿ? ಹಿಂದಿನ ರಾತ್ರಿ ನಿದ್ದಿ ಆಗಿತ್ತೇನ್ರಿ?" ಎಂದು ಕೇಳಿ ಅವರ ಉತ್ಸಾಹಕ್ಕೆ ತಣ್ಣೀರು ಎರಚುತ್ತಿದ್ದೆ. ಈಗ ನಾನೇ ಹೇಳಲು ಕುಳಿತಿದ್ದೇನೆ. ನೀವೂ ಅದನ್ನೇ ಕೇಳುತ್ತೀರಿ ಎಂದು ಗೊತ್ತು. ನಿದ್ದೆ ಚೆನ್ನಾಗಿ ಆಗಿತ್ತು. ಊಟ ಮಾತ್ರ ಆಗಿರಲಿಲ್ಲ, ಆ ಊಟ ತಡವಾದದ್ದರಿಂದಲೇ ಇಷ್ಟೆಲ್ಲ ಆಯಿತು.

ನನಗೊಂದು ಹುಚ್ಚು ಇದೆ. ಹಳೆಯ ಕಾಲದ ಸ್ಪೀಕರ್‌ಗಳನ್ನು ಹುಡುಕಿ ತಂದು, ಅವಕ್ಕೆ ಹೊಂದುವ ಹಳೆಯ ಆಂಪ್ಲಿಫೈಯರ್ ಹುಡುಕಿ ಜೋಡಿಸುವುದು. ಕೇಳಿದವರಿಗೆ ಇದೇನು ಮಹಾ, ಎರಡು ವೈರ್ ಸಿಗಿಸಿದರೆ ಆಯಿತಲ್ಲ ಅನ್ನಿಸುತ್ತದೆ. ಹಾಗಲ್ಲ. ಒಂದೊಂದು ಸ್ಪೀಕರ್‌ಗೂ ಇಷ್ಟು ಓಮ್ ಎಂಬ ಲೆಕ್ಕ ಇರುತ್ತದೆ, ಆಂಪ್ಲಿಫೈಯರ್ ಕೂಡ ಅದಕ್ಕೆ ಒಗ್ಗಬೇಕು. ಒಗ್ಗದಿದ್ದರೆ ಒಳ್ಳೆಯ ಸ್ಪೀಕರ್ ಕೂಡ ನೆಗಡಿ ಬಂದವರ ಹಾಗೆ ಹಾಡುತ್ತದೆ. ನನ್ನ ಹೆಂಡತಿ ಸುಮಂಗಳಾ ಇದನ್ನು ಬಲು ಬೇಗ ಅರ್ಥಮಾಡಿಕೊಂಡಳು, ಅರ್ಥಮಾಡಿಕೊಂಡು ಅಂದಿನಿಂದ ಆಡಿಕೊಳ್ಳುತ್ತಲೇ ಬಂದಳು. "ಜಾತಕ ಕೂಡಿಬಂತೇನ್ರಿ ನಿಮ್ಮ ಡಬ್ಬಿಗೆ? ಇಲ್ಲಾಂದ್ರ ಇನ್ನೊಂದು ಕಡಿ ಕನ್ಯಾ ನೋಡೂಣು" ಎನ್ನುತ್ತಿದ್ದಳು.

ಕೆಲವು ವರ್ಷಗಳ ಹಿಂದಿನ ಮಾತು. ಕುರುಗೋಡಿನಲ್ಲಿ ಒಂದು ಕಾಲದ ಟೂರಿಂಗ್ ಟಾಕೀಸಿನ ಸ್ಪೀಕರ್‌ಗಳು ಒಬ್ಬರ ಮನೆಯಲ್ಲಿ ಬಿದ್ದಿವೆ ಎಂದು ಸುದ್ದಿ ಸಿಕ್ಕಿತು. ಭಾನುವಾರ ಹೋದೆ. ಟಾಕೀಸು ನಡೆಸಿದವರ ಸೊಸೆ ಈರಮ್ಮ ಎಂಬ ವಯಸ್ಸಾದ ಹೆಂಗಸು ಶೇಂಗಾ ಚೀಲಗಳ ಹಿಂದಿನಿಂದ ಎರಡು ದೊಡ್ಡ ಮರದ ಪೆಟ್ಟಿಗೆ ತೋರಿಸಿದರು. "ಒಯ್ಯಿರಿ ಯಪ್ಪಾ, ಪುಣ್ಯಾ ಬರ್ತೈತಿ. ಇಲಿ ಒಳಗ ಸಂಸಾರ ಹೂಡ್ಯಾವ" ಎಂದರು. ನಿಜವೇ, ಒಂದರೊಳಗಿನ, ಅದುರಿ ದನಿ ಹೊರಡಿಸುವ ಕಾಗದವನ್ನು ಇಲಿ ಕಡಿದು ಜಾಲರಿ ಮಾಡಿತ್ತು. ಇನ್ನೊಂದು ಮಾತ್ರ ಹಾಗೇ ಇತ್ತು. ಬೆರಳಿನಿಂದ ಮೆಲ್ಲಗೆ ಒತ್ತಿದರೆ ಕಾಗದ ಒಳಗೆ ಹೋಗಿ ಮೆತ್ತಗೆ ಮರಳಿ ಬರುತ್ತಿತ್ತು. ಹಿಂದೆ ಹದಿನಾರು ಓಮ್ ಎಂದು ಬರೆದಿತ್ತು. ನನಗೆ ಸ್ವರ್ಗ ಮೂರೇ ಗೇಣು.

ಹದಿನಾರು ಓಮಿಗೆ ಹೊಂದುವ ಆಂಪ್ಲಿಫೈಯರ್ ಈಗ ಎಲ್ಲಿ ಸಿಗಬೇಕು? ಮನೆಯಲ್ಲಿದ್ದ ಮೂರನ್ನೂ ಹಚ್ಚಿ ನೋಡಿದೆ, ಒಂದಕ್ಕೂ ಒಗ್ಗಲಿಲ್ಲ. ಎರಡು ತಿಂಗಳು ತಲೆ ಕೆರೆದುಕೊಂಡೆ. ಕೊನೆಗೆ ದಾರಿ ತೋರಿಸಿದವಳು ಸುಮಂಗಳಾನೇ. ಅವಳ ತವರು ಸಿರುಗುಪ್ಪ. ಅಲ್ಲಿ ಅವಳ ಸೋದರಮಾವ ಹಿಂದೆ ಮದುವೆ ಮುಂಜಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದರು. "ಮಾವನ ಅಟ್ಟದ ಮ್ಯಾಲೆ ಒಂದು ಬುಡ್ಡಿಗಳ ಮಷೀನು ಐತಿ. ಸಣ್ಣಾಕಿದ್ದಾಗ ಅದರ ಬೆಳಕು ನೋಡ್ಕೋತ ಕುಂದರ್ತಿದ್ದೆ. ನಡೀರಿ, ಕೇಳೂಣು" ಎಂದಳು. ಬುಡ್ಡಿ ಎಂದರೆ ಹಳೆಯ ರೇಡಿಯೋಗಳಲ್ಲಿ ಕೆಂಪಗೆ ಬೆಳಗುತ್ತಿದ್ದ ಗಾಜಿನ ವಾಲ್ವ್. ಹೋಗಿ ನೋಡಿದರೆ ಹಿಂಬದಿಯಲ್ಲಿ ಹದಿನಾರು ಓಮಿನ ಸ್ಕ್ರೂ! ಅಲ್ಲೇ ಕುಣಿಯುವುದೊಂದು ಬಾಕಿ.

ಮಾವ ಕೇಳಿದ ಕೂಡಲೇ ಕೊಟ್ಟರು. ಕಾರಿನಲ್ಲಿ ಇಡುವಾಗ ಮಾತ್ರ ನನ್ನ ಭುಜ ಹಿಡಿದು ಹೇಳಿದರು: "ಅಳಿಯಂದ್ರ, ಸ್ಪೀಕರ್ ಹಚ್ಚದ ಇದಕ್ಕ ಕರೆಂಟ್ ಕೊಡಬ್ಯಾಡ್ರಿ. ಹೊರಿ ಇಲ್ಲದ ಓಡಿದ್ರ ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಬೂದಿ ಆಗ್ತೈತಿ. ನಾವು ಸ್ವಿಚ್ ಹಾಕೂ ಮುಂಚೆ ಸ್ಪೀಕರ್‌ನಿಂದ ಮಷೀನ್ ತನಕ ವೈರ್ ಮ್ಯಾಲೆ ಕೈಯಾಡಿಸಿಕೊಂತ ಬರ್ತಿದ್ವಿ. ಕಣ್ಣು ನಂಬಬ್ಯಾಡ್ರಿ, ಕೈ ನಂಬ್ರಿ." ಓದಿದವನಿಗೆ ಹೇಳುತ್ತಿದ್ದಾರಲ್ಲ ಎಂದು ನಾನು ಒಳಗೊಳಗೇ ನಕ್ಕೆ.

ಮಾರನೆಯ ದಿನ ರಜೆ. ಬಳ್ಳಾರಿಯ ಮೇ ತಿಂಗಳು ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ, ಬೇರೆಯವರಿಗೆ ಹೇಳಿದರೂ ತಿಳಿಯುವುದಿಲ್ಲ. ಬೆಳಿಗ್ಗೆಯಿಂದ ನಾನು ನನ್ನ ಕೋಣೆ ಸೇರಿದ್ದೆ. ಹೊರಗಿನ ಸದ್ದು ಬರಬಾರದೆಂದು ಬಾಗಿಲಿಗೆ, ಕಿಟಕಿಗೆ ದಪ್ಪ ಗಾದಿ ಹೊಡೆಸಿದ ಕೋಣೆ ಅದು. ಬಾಗಿಲು ಹಾಕಿದರೆ ಬೀದಿಯಲ್ಲಿ ಬ್ಯಾಂಡು ಹೋದರೂ ಕೇಳಿಸುವುದಿಲ್ಲ. ಹನ್ನೊಂದಕ್ಕೆ ಕರೆಂಟ್ ಹೋಯಿತು. ಬರುವಷ್ಟರಲ್ಲಿ ವೈರ್ ಹಚ್ಚಿ ಮುಗಿಸೋಣ ಎಂದು ಟಾರ್ಚ್ ಇಟ್ಟುಕೊಂಡು, ಬೆವರು ಸುರಿಸುತ್ತ ಕೆಲಸ ಮಾಡಿದೆ.

ಸುಮಂಗಳಾಗೆ ಸಕ್ಕರೆ ಕಾಯಿಲೆ. ಮಧ್ಯಾಹ್ನದ ಊಟಕ್ಕೆ ಮುಂಚೆ ಇಂಜೆಕ್ಷನ್ ತೆಗೆದುಕೊಳ್ಳಬೇಕು, ತೆಗೆದುಕೊಂಡ ಮೇಲೆ ತಡಮಾಡದೆ ಉಣ್ಣಬೇಕು. ಒಂದೂವರೆಗೆ ಬಾಗಿಲು ತೆಗೆದು, "ಸೂಜಿ ಚುಚ್ಚಿಕೊಂಡೀನಿ, ಬರ್ರಿ ಉಣ್ಣೂಣು" ಎಂದಳು. "ಇದೊಂದು ವೈರ್ ಆಗ್ಲಿ, ಹತ್ತು ನಿಮಿಷ. ನೀ ಉಣ್ಣು" ಎಂದೆ. ನನ್ನನ್ನು ಬಿಟ್ಟು ಅವಳು ಉಣ್ಣುವವಳಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ. "ಹಂಗಾರ ಮಾಳಿಗಿ ಮ್ಯಾಲಿನ ಸಂಡಿಗಿ ಹೊಳ್ಳಿಸಿ ಬರ್ತೀನಿ" ಎಂದು ಬಾಗಿಲು ಎಳೆದುಕೊಂಡು, ಸಂಡಿಗೆ ಮಗುಚಲು ಹೋದಳು.

ಹತ್ತು ನಿಮಿಷ ಆಯಿತು, ಇಪ್ಪತ್ತೂ ಆಯಿತು. ವೈರ್ ಕೆಲಸ ಮುಗಿದಿತ್ತು, ನಿಜ ಹೇಳಬೇಕೆಂದರೆ ಆಗಲೇ ಏಳಬಹುದಿತ್ತು. ಆದರೆ ಸ್ಪೀಕರ್ ಕಾಗದದ ಮಡಿಕೆಗಳಲ್ಲಿ ಧೂಳು ಕಂಡಿತು. ಮೆತ್ತನೆಯ ಬ್ರಷ್ ತಗೊಂಡು, ಎಡಗೈ ಬೆರಳುಗಳನ್ನು ಕಾಗದದ ಮೇಲೆ ಹಗುರವಾಗಿ ಊರಿ ಒರೆಸತೊಡಗಿದೆ.

ಆಗ ಆ ಸ್ಪೀಕರ್ "ರೀ" ಎಂದಿತು.

ಇದನ್ನು ಹೇಗೆ ಹೇಳಿದರೂ ನಗೆಪಾಟಲಾಗುತ್ತದೆ, ಆದ್ದರಿಂದ ನೇರವಾಗಿ ಹೇಳಿದ್ದೇನೆ. ಗಟ್ಟಿಯಾಗಿ ಅಲ್ಲ, ಗಾಬರಿಯಿಂದಲೂ ಅಲ್ಲ. ಅಡುಗೆಮನೆಯಿಂದ ನನ್ನ ಹೆಂಡತಿ ದಿನಕ್ಕೆ ನೂರು ಸಲ ಕರೆಯುವ ಹಾಗೆ. ನನ್ನ ಬೆರಳ ತುದಿಯಲ್ಲಿ ಕಾಗದ ಅಲುಗಿತು. ಅವಳು ಬಾಗಿಲಲ್ಲಿ ನಿಂತಿದ್ದಾಳೆ ಎಂದುಕೊಂಡು, ತಿರುಗಿಯೂ ನೋಡದೆ "ತಡೀ, ಬಂದೆ" ಎಂದೆ. ಮತ್ತೆ ಬ್ರಷ್ ಆಡಿಸಿದೆ. ಒಂದು ಸುತ್ತು ಪೂರ್ತಿ ಒರೆಸಿದೆ. ನಾಲ್ಕೈದು ನಿಮಿಷ ಆಗಿರಬೇಕು.

ಮತ್ತೊಮ್ಮೆ "ರೀ" ಎಂದಿತು. ಈ ಸಲ ನಾನು ಆ ಕಾಗದವನ್ನೇ ನೋಡುತ್ತಿದ್ದೆ. ಟಾರ್ಚಿನ ಬೆಳಕಿನಲ್ಲಿ ಅದು ನಡುಗಿದ್ದು ಕಂಡಿತು. ತಿರುಗಿ ನೋಡಿದೆ, ಬಾಗಿಲು ಹಾಕಿಯೇ ಇತ್ತು. ಬ್ರಷ್ ಎಲ್ಲಿ ಬಿತ್ತೋ ಗೊತ್ತಿಲ್ಲ. ಅಡುಗೆಮನೆಗೆ ಓಡಿದೆ. ಎರಡು ತಟ್ಟೆ ಹಾಕಿಟ್ಟಿದ್ದಳು, ರೊಟ್ಟಿಯ ಮೇಲೆ ಬಟ್ಟೆ ಮುಚ್ಚಿತ್ತು, ಅವಳಿರಲಿಲ್ಲ. "ಸುಮಾ" ಎಂದು ಕೂಗುತ್ತ ಮಾಳಿಗೆಯ ಮೆಟ್ಟಿಲು ಹತ್ತಿದೆ.

ಸಂಡಿಗೆ ಒಣಹಾಕಿದ ಹಳೆ ಸೀರೆಯ ಪಕ್ಕದಲ್ಲಿ, ಕಾದ ನೆಲದ ಮೇಲೆ ಅಡ್ಡ ಬಿದ್ದಿದ್ದಳು. ಮೈ ಬೆವರಿನಿಂದ ತೊಯ್ದಿತ್ತು, ಕಣ್ಣು ಅರೆ ತೆರೆದಿತ್ತು, ಕರೆದರೆ ಓಗೊಡಲಿಲ್ಲ. ಹೇಗೋ ನೆರಳಿಗೆ ಎಳೆದುಕೊಂಡು, ಕೆಳಗೆ ಓಡಿ ಸಕ್ಕರೆ ತಂದು ಒಳಗೆನ್ನೆಗೆ ಚೂರು ಚೂರೇ ಹಚ್ಚಿದೆ. ಪಕ್ಕದ ಮನೆಯ ಖಾದರ್ ಸಾಹೇಬರು ನನ್ನ ಕೂಗಿಗೆ ಓಡಿಬಂದು, "ಯಾ ಅಲ್ಲಾ, ಭಾಭೀಗೆ ಏನಾಯ್ತ್ರಿ? ಆಟೋ ಐತಿ, ಎತ್ತ್ರಿ ಎತ್ತ್ರಿ" ಎಂದು ತಾವೇ ಕಾಲು ಹಿಡಿದು ಎತ್ತಿದರು. ಆಸ್ಪತ್ರೆಯಲ್ಲಿ ನರಕ್ಕೆ ಗ್ಲೂಕೋಸ್ ಏರಿಸಿದ ಮೇಲೆ ಕಣ್ಣು ಬಿಟ್ಟಳು. ಸಕ್ಕರೆ ಪೂರಾ ಇಳಿದಿತ್ತು, ಮೇಲೆ ಆ ಬಿಸಿಲು. ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು, "ಇನ್ನೊಂದರ್ಧ ತಾಸು ತಡ ಆಗಿದ್ರ ನಾನೇನೂ ಮಾಡಾಕ ಆಗ್ತಿರಲಿಲ್ಲ. ಸಮಯಕ್ಕ ನೋಡೀರಿ ನೀವು" ಎಂದರು. ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಕುಳಿತು, ಬಂದುಹೋಗುವವರ ಎದುರೇ, ಗಂಡಸು ಎಂಬುದನ್ನೂ ಮರೆತು ಅತ್ತೆ.

ಮರುದಿನ ಅವಳಿಗೆ ಬಟ್ಟೆ ತರಲು ಮನೆಗೆ ಬಂದೆ. ಕೋಣೆಯ ಬಾಗಿಲು ತೆರೆದೇ ಇತ್ತು. ಕರೆಂಟ್ ಬಂದಿತ್ತು. ಅವಳು ಕೂಗಿದ್ದು ಹೇಗೋ ಯಂತ್ರದೊಳಗಿಂದ ಕೇಳಿಸಿರಬೇಕು, ಏನಾದರೂ ಕಾರಣ ಸಿಕ್ಕೀತು ಎಂದು, ಸ್ಪೀಕರ್‌ನಿಂದ ಶುರು ಮಾಡಿ ವೈರ್ ಮೇಲೆ ಕೈಯಾಡಿಸುತ್ತ ಬಂದೆ. ಆಂಪ್ಲಿಫೈಯರ್ ಹಿಂದೆ ಬಂದಾಗ ವೈರ್ ಕೈಯಲ್ಲೇ ಉಳಿಯಿತು. ಹದಿನಾರು ಓಮಿನ ಸ್ಕ್ರೂಗಳನ್ನು ಬಿಗಿಯಾಗಿ ತಿರುಗಿಸಿದ್ದೆ, ಆದರೆ ವೈರಿನ ತುದಿಗಳನ್ನು ಅವುಗಳ ಕೆಳಗೆ ಸೇರಿಸಿರಲೇ ಇಲ್ಲ. ಎರಡೂ ಹೊರಗೆ ಬಿದ್ದಿದ್ದವು. ಟಾರ್ಚಿನ ಬೆಳಕಿನಲ್ಲಿ ಕಣ್ಣನ್ನು ನಂಬಿದ್ದೆ. ಅಂದರೆ, ನನ್ನನ್ನು ಕರೆದ ಸ್ಪೀಕರ್ ಯಾವುದಕ್ಕೂ ಜೋಡಿಸಿರಲಿಲ್ಲ. ಕರೆಂಟ್ ಇರಲಿಲ್ಲ ಎಂಬ ಮಾತು ಆಮೇಲಿನದು.

ನನ್ನಂಥದೇ ಹುಚ್ಚಿನ ಗೆಳೆಯರಿಗೆ ಹೇಳಿದೆ. ಒಬ್ಬರು ರೇಡಿಯೋ ಅಲೆ ಹಿಡಿದಿರಬೇಕು ಎಂದರು. ಎರಡೇ ಸಲ "ರೀ" ಎಂದು ಕರೆದು ಸುಮ್ಮನಾಗುವ ರೇಡಿಯೋ ಯಾವ ಊರಿನದು? ಇನ್ನೊಬ್ಬರು, ಮೇಲೆ ಆಕೆ ಬಿದ್ದ ಅದುರಿಗೆ ಕಾಗದ ಅಲುಗಿರಬೇಕು, ಉಳಿದದ್ದು ನಿಮ್ಮ ಕಿವಿಯ ಭ್ರಮೆ ಎಂದರು. ಇದು ಒಪ್ಪಬಹುದಾದ ಮಾತು, ನಾನಾಗಿದ್ದರೂ ಇದನ್ನೇ ಹೇಳುತ್ತಿದ್ದೆ. ಆದರೆ ಅವಳು ಬಿದ್ದದ್ದು ಒಂದೇ ಸಲ, ಕಾಗದ ಅಲುಗಿದ್ದು ಎರಡು ಸಲ. ಆಮೇಲೆ ಆ ಸ್ಪೀಕರ್ ಮುಂದೆ ಎಷ್ಟೋ ಮಧ್ಯಾಹ್ನ ಬೆರಳಿಟ್ಟುಕೊಂಡು ಕುಳಿತು ನೋಡಿದ್ದೇನೆ. ಮಾಳಿಗೆಯ ಮೇಲೆ ಅಕ್ಕಿ ಚೀಲ ಎತ್ತಿ ಹಾಕಿಸಿ ನೋಡಿದ್ದೇನೆ. ಏನೂ ಇಲ್ಲ.

ಅವಳನ್ನೇ ಕೇಳಿದೆ, ಬೀಳುವಾಗ ನನ್ನನ್ನು ಕರೆದೆಯಾ ಎಂದು. "ಎಲ್ಲಿ ಕರೀತೀನ್ರಿ, ನಾಲಿಗಿ ಹೊಳ್ಳಲೇ ಇಲ್ಲ" ಎಂದಳು. ಮನಸ್ಸಿನಲ್ಲಾದರೂ ನೆನೆದೆಯಾ ಎಂದೆ. "ಇದ್ದದ್ದು ಹೇಳ್ಲೇನ್ರಿ? ನಿಮ್ಮ ನೆನಪಽ ಬರಲಿಲ್ಲ. ಕಾಗಿ ಬಂದು ಸಂಡಿಗಿ ತಿಂತಾವಲ್ಲಪ್ಪಾ ಅನ್ನೂದೊಂದಽ ಚಿಂತಿ ಇತ್ತು" ಎಂದು ನಕ್ಕಳು. ಹಾಗಾದರೆ ಆ ಕರೆ ಅವಳದಲ್ಲ. ಯಾರದು ಎಂದರೆ ಹೇಳಲು ನನ್ನ ಬಳಿ ಬೇರೆ ಯಾರ ಹೆಸರೂ ಇಲ್ಲ.

ಆ ಸ್ಪೀಕರ್ ಈಗ ಚೆನ್ನಾಗಿ ಹಾಡುತ್ತದೆ, ಸಿರುಗುಪ್ಪದ ಆಂಪ್ಲಿಫೈಯರಿಗೆ ಒಗ್ಗಿಹೋಗಿದೆ. ಬಾಗಿಲಿನ ಗಾದಿ ಕಿತ್ತು ಹಾಕಿದ್ದೇನೆ. ಕುಕ್ಕರಿನ ಸೀಟಿ, ಬೀದಿಯ ಹಾರನ್ನು ಎಲ್ಲ ಒಳಗೆ ಬರುತ್ತವೆ, ಬರಲಿ. ಒಂದೂವರೆಗೆ ನಾನೇ ತಟ್ಟೆ ಹಾಕುತ್ತೇನೆ.

ಇಷ್ಟನ್ನೂ ಸುಮಂಗಳಾಗೆ ಹೇಳಿದ್ದೇನೆ, ಒಂದನ್ನು ಬಿಟ್ಟು. ಒಂದೇ ಸಲ ಕೇಳಿಸಿತು, ತಕ್ಷಣ ಎದ್ದು ಓಡಿಬಂದೆ ಎಂದು ಅವಳಿಗೆ ಹೇಳಿದ್ದೆ. ಬಂದವರೆದುರೆಲ್ಲ ಅವಳು ಅದನ್ನೇ ಹೆಮ್ಮೆಯಿಂದ ಹೇಳುತ್ತಾಳೆ: "ಒಂದ್ ಸಲಕ್ಕಽ ಎದ್ದು ಬಂದ್ರು ನೋಡ್ರಿ, ನಮ್ಮನಿಯವ್ರು." ಪ್ರತಿ ಸಲವೂ ನಾನು ತಲೆ ತಗ್ಗಿಸಿ ಕೂರುತ್ತೇನೆ. ಇದು ಅಚ್ಚಾದರೆ ಮೊದಲು ಓದುವವಳು ಅವಳೇ. ಸುಮಾ, ಮೊದಲನೆಯ ಸಲಕ್ಕೆ ನಾನು ಏಳಲಿಲ್ಲ. ನೀನು ಬಿಸಿಲಲ್ಲಿ ಬಿದ್ದಿದ್ದಾಗ ನಾನು ಧೂಳು ಒರೆಸುತ್ತ ಕುಳಿತಿದ್ದೆ. ಕರೆದವರು ಯಾರೋ, ಏನೋ, ನನಗೆ ಇವತ್ತಿಗೂ ತಿಳಿದಿಲ್ಲ. ಓಗೊಡದವನನ್ನು ಬಿಟ್ಟು ಹೋಗದೆ ಎರಡನೆಯ ಸಲವೂ ಕರೆದರಲ್ಲ, ಅದಕ್ಕೆ ದಿನಾ ಕೈ ಮುಗಿಯುತ್ತೇನೆ.